ಇನ್ನೂ ಬಾರದ ಗಂಟೆಗೆ ಹಾಕಿದ ಟಿಕ್

ಅರ್ಜಿಯಲ್ಲಿದ್ದ ಪ್ರಶ್ನೆ ಒಂದೇ ಸಾಲಿನದು. ಈ ಕೋರ್ಸ್ ನಿಮಗೆ ಏಕೆ ಬೇಕು, ಈಗಲೇ ಏಕೆ ಬೇಕು? ಐನೂರು ಪದಗಳೊಳಗೆ ಉತ್ತರಿಸಬೇಕು. ಯಲಹಂಕದ ಆಚೆಯ ಒಂದು ಬಿಸಿನೆಸ್ ಸ್ಕೂಲಿನಲ್ಲಿ, ಕೆಲಸದಲ್ಲಿರುವವರಿಗೆಂದೇ ಶನಿವಾರ ಭಾನುವಾರ ನಡೆಯುವ ಎರಡು ವರ್ಷದ ಎಂಬಿಎ ಅದು. ಮೊದಲ ಸಲ ಅರ್ಜಿ ಹಾಕಿದಾಗ ಒಂದೇ ಸಂಜೆಯಲ್ಲಿ ಉತ್ತರ ಮುಗಿಸಿದ್ದೆ. ನಾಯಕತ್ವ, ದೂರದೃಷ್ಟಿ, ಜಾಗತಿಕ ಮಾರುಕಟ್ಟೆ ಎಲ್ಲವೂ ಅದರಲ್ಲಿದ್ದವು. ನಾನು ದಾಸರಹಳ್ಳಿಯ ಪಕ್ಕದ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ, ಅಂದರೆ ತಗಡು ಒತ್ತುವ ವಿಭಾಗದಲ್ಲಿ, ಸೂಪರ್‌ವೈಸರ್ ಎಂಬ ಸಂಗತಿ ಕೊನೆಯ ಸಾಲಿನಲ್ಲಿತ್ತು. ಸಂದರ್ಶನಕ್ಕೂ ಕರೆ ಬರಲಿಲ್ಲ.

ಮರುವರ್ಷ ಅದೇ ಪ್ರಶ್ನೆಯ ಮುಂದೆ ಕೂರುವ ಹೊತ್ತಿಗೆ ನಮ್ಮ ಶಾಪಿನಲ್ಲಿ ಒಂದು ಅಪಘಾತವಾಗಿತ್ತು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಬೆಳಗಿನ ಶಿಫ್ಟು. ಸಮಯ ಹತ್ತೂವರೆ ಇರಬೇಕು. ವರದಿಯಲ್ಲಿ ಹತ್ತು ಮೂವತ್ತು ಎಂದೇ ಬರೆದೆ, ಆದರೆ ಗಡಿಯಾರ ನೋಡಿದ ನೆನಪಿಲ್ಲ. ಆರನೇ ಪ್ರೆಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರಾದ ಅಕ್ಕ ಒಬ್ಬರು ತಗಡಿನ ಪಟ್ಟಿ ಒತ್ತುತ್ತಿದ್ದರು. ಅವರು ದಾಸರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆಯವರು. ಯಂತ್ರದ ಸದ್ದು ಒಂದು ಬಡಿತ ತಪ್ಪಿದಂತಾಯಿತು. ಅವರು ಕಿರುಚಲಿಲ್ಲ. ಕಾಫಿ ಚೆಲ್ಲಿದಾಗ ಹೇಳುವ ಧ್ವನಿಯಲ್ಲಿ, "ಅಯ್ಯೋ ಮೇಡಂ" ಎಂದರು. ಬಲಗೈಯ ನಡುಬೆರಳಿನ ತುದಿ ಹೋಗಿತ್ತು. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡನ್ನು ತಂತಿಯಿಂದ ಮೇಲಕ್ಕೆ ಕಟ್ಟಲಾಗಿತ್ತು.

ಅವರನ್ನು ಆಸ್ಪತ್ರೆಗೆ ಕಳಿಸಿ ಬಂದು ಯಂತ್ರದ ಪಕ್ಕದಲ್ಲಿ ನೇತುಹಾಕಿದ್ದ ತಪಾಸಣೆ ಹಾಳೆಯನ್ನು ನೋಡಿದೆ. ಶಿಫ್ಟಿನ ಎಂಟು ಗಂಟೆಗೆ ಎಂಟು ಚೌಕಗಳು. ಪ್ರತಿ ಗಂಟೆಗೆ ಸೂಪರ್‌ವೈಸರ್ ಬಂದು ಗಾರ್ಡ್ ಸರಿಯಿದೆಯೇ ಎಂದು ನೋಡಿ ಟಿಕ್ ಹಾಕಬೇಕು. ಹದಿನಾಲ್ಕು ಯಂತ್ರಗಳನ್ನು ಗಂಟೆಗೊಮ್ಮೆ ಸುತ್ತುತ್ತಿದ್ದರೆ ಮಾಲು ಎಣಿಸುವವರಿಲ್ಲ, ಟಾರ್ಗೆಟ್ ಮುಟ್ಟುವುದಿಲ್ಲ. ಹಾಗಾಗಿ ಶಿಫ್ಟ್ ಶುರುವಾಗುವಾಗಲೇ ಎಂಟೂ ಚೌಕಗಳಿಗೆ ಟಿಕ್ ಹಾಕಿಬಿಡುವುದು ನಮ್ಮಲ್ಲಿ ರೂಢಿ. ನನಗೆ ಕೆಲಸ ಕಲಿಸಿದವರೂ ಹಾಗೇ ಹಾಕುತ್ತಿದ್ದರು. ನಾನು ಹನ್ನೊಂದು ವರ್ಷ ಹಾಗೇ ಹಾಕಿದ್ದೆ. ಆ ದಿನವೂ ನನ್ನ ಎಂಟು ಟಿಕ್‌ಗಳು ಅಲ್ಲಿದ್ದವು. ಇನ್ನೂ ಬಾರದ ಹನ್ನೆರಡು ಗಂಟೆಗೂ ಗಾರ್ಡ್ ಸರಿಯಿತ್ತು.

ವಿಚಾರಣೆಗೆ ಬಂದವರು ಹಾಳೆಯನ್ನು ಫೈಲಿಗೆ ಸೇರಿಸಿಕೊಂಡರು. ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಎರಡನೇ ಅರ್ಜಿಯ ಉತ್ತರ ಇಂಗ್ಲಿಷಿನಲ್ಲೇ ಹೋಗಬೇಕಿತ್ತು, ಆದರೆ ಈ ಸಲ ಮೊದಲು ಕನ್ನಡದಲ್ಲಿ ಬರೆದುಕೊಂಡೆ. ಬರೆದದ್ದು ಆ ಹಾಳೆಯ ಬಗ್ಗೆ. ಚಿಕ್ಕಬಾಣಾವರದ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನನ್ನ ಗಂಡ ಅದನ್ನು ಎರಡು ಸಲ ಓದಿದರು. ಅವರು ಗದಗದ ಕಡೆಯವರು, ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತರು. ವರ್ಷಕ್ಕೆ ಸಾವಿರ ಅರ್ಜಿ ನೋಡುವ ಮನುಷ್ಯ.

"ಇದು ಅರ್ಜಿನೋ, ತಪ್ಪೊಪ್ಪಿಗಿನೋ?"

"ಯಾಕೆ ಬೇಕು ಅಂತ ಕೇಳಿದಾರೆ. ಇದಕ್ಕೇ ಬೇಕು."

"ಸೀಟ್ ಕೇಳಾಕ ಹೋಗಿ ಇದ್ದ ನೌಕರಿ ಕಳಕೊಂಡ್ ಬರ್ತಿ ನೋಡ. ಹೋದ ವರ್ಷದ್ದು ಚಲೋ ಇತ್ತಲ್ಲ, ಅದನ್ನ ಹಾಕು."

"ಹೋದ ವರ್ಷದ್ದಕ್ಕೆ ಕರೀಲೇ ಇಲ್ವಲ್ರೀ."

"ಅದೂ ಖರೇನ" ಎಂದು ನಕ್ಕರು. ಆದರೆ ನಾನು ಬರೆದ ಹಾಳೆಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು.

ಅವರ ಭಯ ಸುಳ್ಳಲ್ಲ. ಅರ್ಜಿಯೊಂದಿಗೆ ನಮ್ಮ ಮ್ಯಾನೇಜರ್ ಕೊಡುವ ಶಿಫಾರಸು ಪತ್ರವೂ ಹೋಗಬೇಕಿತ್ತು. ಬೆನ್ನ ಹಿಂದೆ ಬರೆದಂತಾಗಬಾರದೆಂದು ಸೋಮವಾರ ಉತ್ತರವನ್ನು ಅವರಿಗೇ ಕೊಟ್ಟೆ. ಅವರು ಪೂರ್ತಿ ಓದಿದರು. "ಎಲ್ರೂ ಹಂಗೇ ಹಾಕೋದು ಕಣ್ರೀ. ನಾನೂ ಹಾಕಿದೀನಿ. ಅದನ್ನ ಊರಿಗೆಲ್ಲ ಯಾಕ್ ಹೇಳ್ತೀರಾ?" ಎಂದರು. ಆಮೇಲೆ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಆ ಅಮ್ಮನ್ನ ಒಂದ್ ಮಾತು ಕೇಳಿ. ಬೆರಳು ಅವರದು."

ಅಕ್ಕ ಆಗಲೇ ಕೆಲಸಕ್ಕೆ ಮರಳಿದ್ದರು. ಈಗ ಪ್ಯಾಕಿಂಗಿನಲ್ಲಿದ್ದರು. ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕೂತು ವಿಷಯ ಹೇಳಿದೆ. ಅವರು ಮುದ್ದೆ ಮುರಿಯುತ್ತಾ ಕೇಳಿಸಿಕೊಂಡರು.

"ಬೆಳ್ಳು ನಂದು, ಸೀಟು ನಿಮ್ಗೆ. ಭಲೇ ಮೇಡಂ" ಎಂದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

"ಬೇಡ ಅಂದ್ರೆ ಬರೆಯಲ್ಲ ಅಕ್ಕ."

"ಬರ್ಕೊಳ್ಳಿ. ಆದ್ರೆ ಇಂಗೆ ಅರ್ಧ ಬರೀಬ್ಯಾಡಿ. ಗಾರ್ಡ್ ಕಟ್ಟಿದ್ದು ಯಾರು? ನಾನೇ. ಅದು ಬಿದ್ದು ಏಳೋ ಅಷ್ಟ್ರಲ್ಲಿ ಒಂದು ಪೀಸು ಓಯ್ತದೆ. ನೀವು ಗಂಟೆಗೊಂದ್ಸಲ ಬಂದಿದ್ರೆ, ನೀವು ಬರೋದ್ ನೋಡಿ ಇಳಿಸ್ತಿದ್ದೆ, ನೀವು ಓದ್ಮೇಲೆ ಮತ್ತೆ ಕಟ್ತಿದ್ದೆ. ಟಾರ್ಗೆಟ್ ನಿಮ್ಗೊಂದು ನನ್ಗೊಂದು ಐತಾ?"

ಅಷ್ಟು ದಿನ ನನ್ನ ಟಿಕ್ ಒಂದನ್ನೇ ನೋಡುತ್ತಾ ಇದ್ದೆ. ನಾನು ಟಿಕ್ ಮುಂಚೆ ಹಾಕಿದ್ದಕ್ಕೂ ಅವರು ತಂತಿ ಕಟ್ಟಿದ್ದಕ್ಕೂ ಕಾರಣ ಒಂದೇ ಎಂದು ಹೊಳೆದಿರಲಿಲ್ಲ. ಗಂಟೆಗೆ ಎಷ್ಟು ಪೀಸು ಎಂಬುದು ಮಹಡಿಯ ಮೇಲಿನ ಕೋಣೆಯಲ್ಲಿ ಶುಕ್ರವಾರದ ಮೀಟಿಂಗಿನಲ್ಲಿ ತೀರ್ಮಾನವಾಗುತ್ತದೆ. ಹನ್ನೊಂದು ವರ್ಷದಲ್ಲಿ ನಾನು ಅಲ್ಲಿಗೆ ಫೈಲು ಕೊಡಲು ಹೋಗಿದ್ದೇನೆ, ಕುರ್ಚಿಯಲ್ಲಿ ಕೂತಿಲ್ಲ. ಡಿಗ್ರಿಯ ಮೇಲೊಂದು ಎಂಬಿಎ ಇಲ್ಲದವರನ್ನು ಅಲ್ಲಿ ಕೂರಿಸುವುದಿಲ್ಲ.

ಸಂಜೆ ಉತ್ತರವನ್ನು ಮತ್ತೆ ಬರೆದೆ. ತಪ್ಪು ಮಾಡಿದೆ ಎಂಬ ಮಾತನ್ನು ಉಳಿಸಿದೆ, ನೊಂದುಕೊಂಡೆ ಎಂಬುದನ್ನು ಹೊಡೆದುಹಾಕಿದೆ, ಅಕ್ಕ ಹೇಳಿದ ತಂತಿ ಮತ್ತು ಟಾರ್ಗೆಟ್ಟಿನ ಮಾತನ್ನು ಸೇರಿಸಿದೆ. ಕೊನೆಯಲ್ಲಿ ಹೀಗೆ ಬರೆದೆ: ಆ ಕೋಣೆಯಲ್ಲಿ ಕೂತು, ಈ ಸಂಖ್ಯೆಗೆ ಎಷ್ಟು ಕೈ ಎಷ್ಟು ಹೊತ್ತು ಬೇಕು ಎಂದು ಅವರ ಲೆಕ್ಕದಲ್ಲೇ ತೋರಿಸಲು ಕಲಿಯಬೇಕು, ಅದಕ್ಕೆ ಈ ಕೋರ್ಸ್ ಬೇಕು. ಮ್ಯಾನೇಜರ್ ಮಾರನೇ ದಿನ ಶಿಫಾರಸಿಗೆ ಸಹಿ ಹಾಕಿದರು.

ಸಂದರ್ಶನಕ್ಕೆ ಕರೆ ಬಂತು. ಹೆಬ್ಬಾಳದಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿದ್ದರಿಂದ ಬೆವರಿಕೊಂಡೇ ಒಳಗೆ ಹೋದೆ. ಮೂವರಿದ್ದರು. ಅವರಲ್ಲಿ ವಯಸ್ಸಾದ ಪ್ರಾಧ್ಯಾಪಕಿಯೊಬ್ಬರು ನನ್ನ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಕನ್ನಡದಲ್ಲಿ ಕೇಳಿದರು.

"ಈಗ ಟಿಕ್ ಯಾವಾಗ ಹಾಕ್ತೀರಮ್ಮ?"

"ನೋಡಿದ ಮೇಲೆ, ಮೇಡಂ."

"ಎಲ್ಲಾ ಗಂಟೆನೂ?"

ಹೌದು ಎನ್ನಬಹುದಿತ್ತು. "ಇಲ್ಲ. ದಿನಕ್ಕೆ ಎರಡು ಮೂರು ತಪ್ಪುತ್ತೆ. ಆ ಚೌಕ ಖಾಲಿ ಬಿಡ್ತೀನಿ."

"ಖಾಲಿ ಬಿಟ್ರೆ ಏನಾಗುತ್ತೆ?"

"ಬೈತಾರೆ."

ಮೂವರೂ ನಕ್ಕರು. ಪ್ರಾಧ್ಯಾಪಕಿ ಏನನ್ನೋ ಬರೆದುಕೊಂಡರು. ಏನೆಂದು ನನಗೆ ಕಾಣಲಿಲ್ಲ.

ಮೂರು ವಾರದ ಮೇಲೆ ಸೀಟು ಸಿಕ್ಕಿದ ಮೇಲ್ ಬಂತು. ಗಂಡ ಅದನ್ನು ಗುಮಾಸ್ತರ ಕಣ್ಣಿನಿಂದ ಮೇಲಿಂದ ಕೆಳಗೆ ಓದಿ, "ಬರೋಬ್ಬರಿ ಐತಿ" ಎಂದು ತೀರ್ಪು ಕೊಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ ಅವರೇ ಸಜ್ಜಿಗೆ ಮಾಡಿದರು.

ಅಕ್ಕನಿಗೆ ಹೇಳಿದಾಗ ಅವರು ಡಬ್ಬಕ್ಕೆ ಟೇಪು ಹಚ್ಚುತ್ತಿದ್ದರು. "ಓದು ಮುಗಿಯಾಕೆ ಎಷ್ಟು ವರ್ಸ?" ಎಂದು ಕೇಳಿದರು.

"ಎರಡು."

"ನನ್ಗೆ ರಿಟೈರ್ ಆಗಾಕೆ ಇನ್ನೂ ಏಳು ಐತೆ. ಬಿಡಿ, ಐದು ವರ್ಸ ನೋಡ್ತೀನಿ ನೀವೇನ್ ಮಾಡ್ತೀರ ಅಂತ."

ಹೇಳಿ, ಮುಂದಿನ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡರು.