ಡೇರೆಯ ಹೊರಗಿನಿಂದ ಕೇಳಿದ ಸಿನಿಮಾ

ಕಣೇಕಲ್ಲು ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಶುರುವಾಯಿತೆಂದರೆ ಓಬಕ್ಕನಿಗೆ ಎಲ್ಲಿಲ್ಲದ ಬೇಡಿಕೆ. ಎಪ್ಪತ್ತು ದಾಟಿದ ಮೇಲೆ ಅವಳ ನಡು ಬಗ್ಗುವುದಿಲ್ಲ. ಬದುವಿನ ಮೇಲೆ ಕುಳಿತು ಸಸಿಯ ಕಟ್ಟು ಎಸೆಯುವುದಷ್ಟೇ ಕೆಲಸ. ಆದರೂ ಕೂಲಿಯ ಹೆಂಗಸರು ಅವಳನ್ನು ಬಿಟ್ಟು ಆಟೋ ಹತ್ತುವುದಿಲ್ಲ. ಅವಳು ಒಂದು ಹಿಂದಿ ಸಿನಿಮಾದ ಕಥೆ ಹೇಳುತ್ತಾಳೆ, ನಡುನಡುವೆ ಅದರ ಹಾಡೂ ಹಾಡುತ್ತಾಳೆ. ಆ ಸಿನಿಮಾವನ್ನು ಅವಳು ನೋಡಿಲ್ಲ. ಹಿಂದಿಯೂ ಬಾರದು.

ರಾಯದುರ್ಗದಲ್ಲಿ ಅವಳು ಚಿಕ್ಕವಳಿದ್ದಾಗ ಮನೆಯ ಹಿಂದಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತ್ತು. ಅವ್ವ ನಾಗಕ್ಕ ಅದರ ಬಾಗಿಲಲ್ಲಿ ಕುದಿಸಿದ ಶೇಂಗಾ ಮಾರುತ್ತಿದ್ದಳು. ಮಗಳು ಒಳಗೆ ಇಣುಕಿದರೆ ಕಾಲು ಮುರಿಯುತ್ತೇನೆಂದು ಹೆದರಿಸಿಯೂ ಇದ್ದಳು. ಆಗ ಬಂದ ಚಿತ್ರ ತುಂಬ ಹಳೆಯದು, ಊರೂರು ತಿರುಗಿ ಸವೆದದ್ದು. ಓಬಕ್ಕ ದಿನಾ ಸಂಜೆ ಹಿತ್ತಲಲ್ಲಿ ನಿಂತು ಅದನ್ನು ಕೇಳಿದಳು. ನೀರಿನ ಸದ್ದು ಬಂತು, ಹುಡುಗ ಅಂಬಿಗನಿರಬೇಕು ಎಂದುಕೊಂಡಳು. ಗದರುವ ದನಿ ಹುಡುಗಿಯ ಅಪ್ಪನದು. ಉದ್ದಕ್ಕೂ ಮಳೆ ಜಿಟಿಜಿಟಿ ಸುರಿಯುತ್ತಲೇ ಇತ್ತು. ಕೊನೆಯ ಹಾಡಿನಲ್ಲಿ ‘ಡೋಲಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಹಾಗೆಂದರೇನೆಂದು ಬಳೆ ಮಾರುವ ಬೀಬಮ್ಮನನ್ನು ಕೇಳಿದಳು.

“ಮದುಮಗಳನ್ನ ಕೂಡಿಸಿ ಹೊತ್ತೊಯ್ಯೋ ಪಲ್ಲಕ್ಕಿ ಕಣವ್ವಾ.”

ಅಲ್ಲಿಗೆ ಕಥೆ ಪೂರ್ತಿಯಾಯಿತು. ಹುಡುಗಿಯ ಅಪ್ಪ ಒಪ್ಪಿದ, ಮದುವೆ ನಡೆಯಿತು. ಓಬಕ್ಕ ಮದುವೆಯಾಗಿ ಕಣೇಕಲ್ಲಿಗೆ ಬಂದಾಗ ಕಥೆಯೂ ಹಿಂದೆಯೇ ಬಂತು.

ಹೋದ ವರ್ಷ ಮೊಮ್ಮಗಳು ಜ್ಯೋತಿ ಅಜ್ಜಿಯ ಹಾಡನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದಳು. ಎಲ್ಲಿಯವನೋ ಒಬ್ಬ ಹಳೆಯ ಹಾಡಿನ ಹುಚ್ಚ ಅದರ ಕೆಳಗೆ ಚಿತ್ರದ ಹೆಸರು ಬರೆದ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಜ್ಯೋತಿ ಮುಂದಿನ ಭಾನುವಾರ ಮನೆಗೆ ಬಂದವಳೇ ಫೋನನ್ನು ಗೋಡೆಗೆ ಒರಗಿಸಿಟ್ಟಳು.

“ಅಜ್ಜಿ, ಬಾ ಇಲ್ಲಿ. ನಿನ್ನ ಸಿನಿಮಾ ಸಿಕ್ಕೈತಿ.”

ಓಬಕ್ಕ ಕೈ ಒರೆಸಿಕೊಂಡು ಕುಳಿತಳು. ಅಂಬಿಗ ಹುಡುಗ ನಿಜವಾಗಿಯೂ ಇದ್ದ, ಅವಳು ಅಂದುಕೊಂಡದ್ದಕ್ಕಿಂತ ಬಡಕಲು. ಹೊಳೆಯಿತ್ತು. ಆಚೆ ದಂಡೆಯಲ್ಲಿ ಸಾಹುಕಾರನ ಮಗಳಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಓಬಕ್ಕ ಕೇಳಿದಳು: “ಮಳಿ ಯಾವಾಗ ಬರತೈತಿ?”

“ಯಾವ ಮಳಿ?”

“ಕೇಳಸ್ತೈತಲ್ಲ, ಜಿಟಿಜಿಟಿ.”

“ಅದು ಮಳಿ ಅಲ್ಲಜ್ಜಿ, ರೀಲು ಸವೆದಿದ್ದಕ್ಕ ಬರೋ ಸಪ್ಪಳ.”

ಓಬಕ್ಕ ಬಾಯಿ ಮೇಲೆ ಕೈಯಿಟ್ಟು ನಕ್ಕಳು. ಇಷ್ಟು ವರ್ಷ ಆ ಜೋಡಿಯನ್ನು ಸುಮ್ಮನೆ ಮಳೆಯಲ್ಲಿ ನೆನೆಸಿದೆನಲ್ಲ ಎಂದಳು.

ಕೊನೆಯ ಹಾಡು ಬಂತು. ನಾಲ್ಕು ಜನ ಹೊತ್ತದ್ದು ಪಲ್ಲಕ್ಕಿಯಲ್ಲ, ಚಟ್ಟ. ಹುಡುಗಿ ಹೊಳೆಯಲ್ಲಿ ಮುಳುಗಿ ಸತ್ತಿದ್ದಳು. ಬೇರೊಬ್ಬನ ಜೊತೆಯ ಮದುವೆಗೆಂದು ಉಡಿಸಿದ್ದ ಸೀರೆಯಲ್ಲೇ ಅವಳನ್ನು ಹೊತ್ತೊಯ್ಯುತ್ತಿದ್ದರು. ಹಾಡು ಆ ಚಟ್ಟವನ್ನೇ ಡೋಲಿ ಎನ್ನುತ್ತಿತ್ತು.

ಅಜ್ಜಿ ಅತ್ತಾಳೆಂದು ಜ್ಯೋತಿ ಅವಳ ಭುಜದ ಮೇಲೆ ಕೈಯಿಟ್ಟಳು. ಓಬಕ್ಕನ ಕಣ್ಣು ಮಾತ್ರ ಫೋನಿನ ಮೇಲಿತ್ತು.

“ಅದಕ್ಕ ಡೋಲು ಅಷ್ಟು ಮೆತ್ತಗ ಬಡೀತಿದ್ರು. ಮದುವಿ ಮನ್ಯಾಗ ಹಂಗ್ಯಾಕ ಬಡೀತಾರ ಅಂತ ಆವಾಗ್ಲೇ ಅನ್ನಿಸಿತ್ತು ನನಗ. ಹಿಂದಕ ತಿರುಗ್ಸು, ಇನ್ನೊಮ್ಮೆ ನೋಡ್ತೀನಿ.”

ಮುಂದಿನ ನಾಟಿಗೆ ಹೋದಾಗ ಅವಳು ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದಳು. ಹೆಂಗಸರಿಗೆ ಸಿಟ್ಟು ಬಂತು. ಮೈಲಾರಮ್ಮನಂತೂ ಸಸಿ ಹಿಡಿದ ಕೈಯನ್ನು ಸೊಂಟಕ್ಕಿಟ್ಟು ಎದ್ದು ನಿಂತಳು.

“ಅಲ್ರೀ ಓಬಕ್ಕ, ಹೊಳಿ ದಂಡಿ ಮ್ಯಾಲೆ ಹುಟ್ಟಿ ಬೆಳೆದಾಕಿ. ಈಜು ಬರ್ತಿದ್ದಿಲ್ಲೇನ್ರಿ ಅಕಿಗೆ?”

ಓಬಕ್ಕ ಎಸೆಯಲೆಂದು ಎತ್ತಿದ ಕಟ್ಟನ್ನು ಮತ್ತೆ ಬದುವಿನ ಮೇಲಿಟ್ಟಳು. ಇದು ತನಗೆ ಹೊಳೆಯದೇ ಹೋಯಿತಲ್ಲ! ಆ ವಾರವೆಲ್ಲ ಪ್ರಶ್ನೆ ಅವಳನ್ನು ಕೊರೆಯಿತು. ಜ್ಯೋತಿ ಬಂದ ಕೂಡಲೇ ಚಿತ್ರವನ್ನು ಮತ್ತೆ ಹಾಕಿಸಿ, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಹುಡುಗಿಯನ್ನಷ್ಟೇ ನೋಡುತ್ತ ಹೋದಳು. ಮೊದಲ ಹಾಡು ಮುಗಿಯುವಾಗ ದೋಣಿ ದೂರ ಸಾಗುತ್ತದೆ. ಅಂಬಿಗ ಅದರಲ್ಲಿ ಒಬ್ಬನೇ ಇದ್ದಾನೆ. ಹಿಂದೆ, ಪರದೆಯ ಅಂಚಿನಲ್ಲಿ, ನೀರಿನ ಮೇಲೊಂದು ಕಪ್ಪು ತಲೆ, ಬೀಸುವ ತೋಳು. ಹುಡುಗಿ ಈಜುತ್ತ ದೋಣಿಯ ಬೆನ್ನು ಹತ್ತಿದ್ದಳು.

“ಇಲ್ಲಿ ನಿಲ್ಲಿಸು,” ಎಂದಳು ಓಬಕ್ಕ. ಬಹಳ ಹೊತ್ತು ನೋಡಿದಳು.

ಗದ್ದೆಯಲ್ಲಿ ಅವಳು ಹೇಳಿದ್ದು ಇಷ್ಟೇ: “ಈಜು ಬರ್ತಿತ್ತಬೇ ಅಕಿಗೆ. ಚೆಂದಾಗೇ ಬರ್ತಿತ್ತು.”

ಹೆಂಗಸರ ಸಾಲು ಮತ್ತೆ ಬಗ್ಗಿ ಸಸಿ ನೆಡತೊಡಗಿತು. ಕೆಸರಿನಲ್ಲಿ ಕಾಲು ಎತ್ತಿಡುವ ಸದ್ದೊಂದೇ ಕೇಳಿತು. ಸಾಲು ಗದ್ದೆಯ ಆಚೆ ಬದಿಗೆ ಮುಟ್ಟಿದ ಮೇಲೆ ಮೈಲಾರಮ್ಮ ತಿರುಗಿ ನೋಡದೆಯೇ, ಆ ಕಡೀ ಹಾಡು ಹಾಡ್ರಿ ಎಂದಳು. ಓಬಕ್ಕ ಹಾಡಿದಳು, ಮೊದಲಿಗಿಂತ ನಿಧಾನವಾಗಿ. ಈಗ ಬೊಮ್ಮನಹಾಳ್ ಕಡೆಯಿಂದ ನಾಟಿಗೆ ಬರುವವರೂ ಅದನ್ನೇ ಕೇಳುತ್ತಾರೆ.