ನಾಗಮಲ್ಲಪ್ಪಣ್ಣನ ನಡುವಿನ ಸ್ಪೀಕರು

ನಾಗಮಲ್ಲಪ್ಪಣ್ಣ ಸಿನಿಮಾ ನೋಡುತ್ತಿದ್ದದ್ದು ಟಿ.ವಿ.ಗೆ ಬೆನ್ನು ಹಾಕಿಕೊಂಡು. ಗುಂಡ್ಲುಪೇಟೆಯ ನಮ್ಮ ಬೀದಿಗೆ ಹೊಸದಾಗಿ ಬಂದವರು ಕಿಟಕಿಯಿಂದ ಈ ದೃಶ್ಯ ಕಂಡು ಒಂದು ಗಳಿಗೆ ನಿಂತುಬಿಡುತ್ತಿದ್ದರು. ಅತ್ತ ಪರದೆಯ ಮೇಲೆ ನಾಯಕ ನಾಯಕಿ ಜಗಳವಾಡುತ್ತಿದ್ದರೆ, ಇತ್ತ ಈ ಮನುಷ್ಯ ಹೆಂಡತಿಯ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, ಆ ಇಬ್ಬರ ಮಾತನ್ನೂ ತಾವೇ ಆಡಿ ತೋರಿಸುತ್ತಿದ್ದರು. ಶಿವಮ್ಮಕ್ಕನಿಗೆ ಕಿವಿ ಮಂದವಾಗಿ ಬಹಳ ವರ್ಷಗಳಾಗಿದ್ದವು. ಗಂಡನ ಮಾತೊಂದು ಮಾತ್ರ ಹೇಗೋ ಅವರಿಗೆ ತಲುಪುತ್ತಿತ್ತು.

ಅವರ ಬಾಯಲ್ಲಿ ಎಲ್ಲ ಸಿನಿಮಾಗಳೂ ನಮ್ಮೂರಿನಲ್ಲೇ ನಡೆಯುತ್ತಿದ್ದವು. ನಾಯಕಿ ಪುಟಗಟ್ಟಲೆ ಹೇಳಿದ ಪ್ರೇಮವನ್ನು ಅವರು "ನಿನ್ ಬುಟ್ಟು ಇರಕ್ಕಾಗಕಿಲ್ಲ ಅಂತಾವ್ಳೆ" ಎಂದು ಮುಗಿಸುತ್ತಿದ್ದರು. ಖಳನಾಯಕ ಅವರಿಗೆ ಹಿಡಿಸದಿದ್ದರೆ ಅವನ ಮಾತನ್ನು ಹೇಳುತ್ತಲೇ ಇರಲಿಲ್ಲ. "ಸುಮ್ಕೆ ಬಾಯ್ ಬಡ್ಕತಾವ್ನೆ, ಬುಡು" ಅನ್ನುತ್ತಿದ್ದರು. ಶಿವಮ್ಮಕ್ಕ ನಕ್ಕರೆ ಅದೇ ಮಾತನ್ನು ಇನ್ನೊಮ್ಮೆ ಹೇಳುವರು. ಅಷ್ಟು ಹೊತ್ತಿಗೆ ಸಿನಿಮಾ ಎಲ್ಲೋ ಮುಂದಕ್ಕೆ ಹೋಗಿರುತ್ತಿತ್ತು.

ಪೇಟೆಯಲ್ಲಿ ಅವರದು ಸ್ಟೀಲ್ ಪಾತ್ರೆಗಳ ಅಂಗಡಿ. ಕೊಳ್ಳಲು ಬಂದವರ ಕಣ್ಣಿಗೆ ಹಿಡಿಸಿದ ಪಾತ್ರೆಯನ್ನು ಅವರು ಮೊದಲು ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿಸುತ್ತಿದ್ದರು. ಹಾಗೆ ಬಡಿದು ಗಟ್ಟಿ ಪಾತ್ರೆ ಯಾವುದು, ಪೊಳ್ಳು ಯಾವುದು ಎಂದು ಗೊತ್ತು ಮಾಡುವುದು ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಮಾತಾಡುತ್ತ ನಿಂತಾಗ ಕಂಬ, ಬಾಗಿಲು, ನನ್ನ ಬೈಕಿನ ಟ್ಯಾಂಕು ಎಲ್ಲವನ್ನೂ ಬಡಿದು ನೋಡುತ್ತಿದ್ದರು. ಹೆಂಡತಿಗೆ ಕಿವಿಯ ಮಿಷನ್ ಕೊಡಿಸಿದ್ದೂ ಆಗಿತ್ತು. ಶಿವಮ್ಮಕ್ಕ ಒಂದು ವಾರ ಹಾಕಿಕೊಂಡು, ಕಿವಿಯೊಳಗೆ ಜೀರುಂಡೆ ಬಿಟ್ಟ ಹಾಗಾಗುತ್ತದೆ ಎಂದು ತೆಗೆದಿಟ್ಟರು.

ಒಂದು ಬೇಸಿಗೆಯಲ್ಲಿ ನಾಗಮಲ್ಲಪ್ಪಣ್ಣನ ಗಂಟಲು ಕಟ್ಟಿತು. ಕಷಾಯ, ಜೇನು, ಶುಂಠಿ ಎಲ್ಲ ಆದರೂ ಬಿಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮೈಸೂರಿನ ಡಾಕ್ಟರು ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕುವ ಸಾಧ್ಯತೆ ಉಂಟು, ತಡ ಮಾಡಬೇಡಿ ಎಂದರು. ಇವರು ಒಪ್ಪದೆ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟರು. ಭೀಮನಬೀಡಿಗೆ ಕೊಟ್ಟಿದ್ದ ಮಗಳು ಬಂದು ಕಾಲು ಹಿಡಿದು ಅತ್ತಳು. ಅಳಿಯ ಬೈದ. ನಾನೂ ಒಂದು ದಿನ ಅಂಗಡಿಗೆ ಹೋಗಿ, ನನಗೆ ತಿಳಿದ ಬುದ್ಧಿಯನ್ನೆಲ್ಲ ಹೇಳಿದೆ. ಅವರು ತಟ್ಟೆಗಳನ್ನು ಒರೆಸುತ್ತ ಕೇಳಿಸಿಕೊಂಡರು. ಆಮೇಲೆ ಆ ಒಡೆದ ದನಿಯಲ್ಲೇ ಹೇಳಿದರು:

"ನಾನ್ ಸತ್ರೆ ಅವ್ಳು ಅತ್ಕಂಡು ಮಗ್ಳ ಜತೆ ಬದುಕ್ತಾಳೆ ಕಣ್ಲಾ ಮಹೇಶ. ನಾನು ಬದುಕಿದ್ದೂ ಮೂಗನಾಗಿ ಎದ್ರುಗೆ ಕೂತ್ಕಂಡ್ರೆ ಅವ್ಳು ಯಾರ್ ಜತೆ ಮಾತಾಡಾಳು?"

ಸುಮ್ಮನಿರಲಾರದೆ ಬೇರೇನೋ ಹೇಳಿದೆ. ಚಾಮರಾಜನಗರದ ಕಚೇರಿಯಲ್ಲಿ ಗುಮಾಸ್ತನಾದ ನನಗೆ ಇದ್ದ ಒಂದೇ ಹುಚ್ಚು ಹೋಮ್ ಥಿಯೇಟರು. ಅವರ ಮನೆಯಲ್ಲಿ ಅಳಿಯ ಹಾಕಿಸಿಕೊಟ್ಟ ಆಂಪ್ಲಿಫಯರು, ಎಡಕ್ಕೊಂದು ಬಲಕ್ಕೊಂದು ಸ್ಪೀಕರು ಇದ್ದವು. ನಡುವಿನ ಸ್ಪೀಕರು ಇರಲಿಲ್ಲ. ಸಿನಿಮಾದಲ್ಲಿ ಸಂಗೀತ, ಗದ್ದಲ ಎಲ್ಲ ಅಕ್ಕಪಕ್ಕದಿಂದ ಬರುತ್ತದೆ, ಮನುಷ್ಯರ ಮಾತು ಹೆಚ್ಚಾಗಿ ನಡುವಿನದರಿಂದಲೇ ಬರುತ್ತದೆ, ಅದೊಂದನ್ನೇ ಜೋರು ಮಾಡಬಹುದು ಎಂದೆ. ಅವರ ಕೈ ತಟ್ಟೆಯ ಮೇಲೆ ನಿಂತಿತು. ಬರೀ ಮಾತಿಗೇ ಒಂದು ಸ್ಪೀಕರಾ ಎಂದು ಕೇಳಿದರು. ಹೌದು ಎಂದೆ. ಅದನ್ನು ಇಟ್ಟು ನೋಡುವವರೆಗೆ ಆಪರೇಷನ್ ಮಾತು ಬೇಡ, ಅವಳಿಗೆ ಕೇಳಿಸಿದರೆ ಮಾರನೆಯ ದಿನವೇ ಹೋಗೋಣ ಎಂದರು. ಆಡಿದ ಮೇಲೆ ನನಗೆ ಭಯವಾಯಿತು. ಮಾತು ಬಾಯಿಂದ ಹೊರಟಾಗಿತ್ತು.

ಚಾಮರಾಜನಗರದ ಅಂಗಡಿಯವನು ಸ್ಪೀಕರಿನ ತಾಕತ್ತು ತೋರಿಸಲೆಂದು ಒಂದು ಹಾಡು ಹಾಕಿದ. ನಾಗಮಲ್ಲಪ್ಪಣ್ಣ ಕೈ ಅಡ್ಡ ಹಿಡಿದು, ಹಾಡು ಬೇಡ, ಯಾರಾದರೂ ಮಾತಾಡುವುದನ್ನು ಹಾಕಿ ಎಂದರು. ವಾರ್ತೆ ಹಾಕಿಸಿ, ಒಂದೊಂದು ಪೆಟ್ಟಿಗೆಯನ್ನೂ ಗೆಣ್ಣಿನಿಂದ ಬಡಿದು, ಕಣ್ಣು ಮುಚ್ಚಿ ಕೇಳಿದರು. ದೊಡ್ಡದೊಂದು ಅವರಿಗೆ ಹಿಡಿಸಿತು. ಮನೆಯಲ್ಲಿರುವ ಎರಡರ ಕಂಪನಿಯದೇ ಆದರೆ ದನಿ ಹೊಂದುತ್ತದೆ, ಇಲ್ಲದಿದ್ದರೆ ಒಬ್ಬನೇ ಮನುಷ್ಯ ಬೇರೆ ಬೇರೆ ಗಂಟಲಲ್ಲಿ ಮಾತಾಡಿದಂತೆ ಕೇಳುತ್ತದೆ ಎಂದು ನಾನು ತಡೆದೆ. ಕೊನೆಗೆ ಅದೇ ಕಂಪನಿಯ, ಅಷ್ಟು ದೊಡ್ಡದಲ್ಲದ ಒಂದನ್ನು ಆರಿಸಿದೆವು. ಬಸ್ಸಿನಲ್ಲಿ ಅದನ್ನು ಕೆಳಗಿಡಲು ಅವರು ಬಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡೇ ಬಂದರು.

ಭಾನುವಾರ ಬೆಳಿಗ್ಗೆ ಜೋಡಿಸಲು ಕೂತೆ. ಮೊದಲು ಷೋಕೇಸಿನೊಳಗೆ ಇಟ್ಟರೆ ಅಲ್ಲಿದ್ದ ಲೋಟ ತಟ್ಟೆಗಳೆಲ್ಲ ಜಣಜಣ ಎಂದವು. ಹೊರಗೆ ತೆಗೆದು ಟಿ.ವಿ.ಯ ಕೆಳಗೆ ಮೇಜು ಹಾಕಿ, ಅದರ ಅಂಚಿಗೆ ಸರಿಯಾಗಿ ಮುಂದಕ್ಕೆ ತಂದೆ. ಹಿಂದೆ ಸರಿದರೆ ಮಾತು ಮೇಜಿಗೆ ಬಡಿದು ಮಂಕಾಗುತ್ತದೆ. ಶಿವಮ್ಮಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಕಿವಿಯ ಮಟ್ಟಕ್ಕೆ ಸರಿಯಾಗಿ ಸ್ಪೀಕರಿನ ಮೂತಿ ಮೇಲೇಳಲೆಂದು ಕೆಳಗೆ ರಟ್ಟು ಮಡಚಿಟ್ಟೆ. ಅಕ್ಕಪಕ್ಕದವನ್ನು ತಗ್ಗಿಸಿ ನಡುವಿನದನ್ನು ಏರಿಸಿದೆ. ಒಂದು ಸಿನಿಮಾ ಹಾಕಿ, ಒಂದು ಮಾತು ಮುಗಿದೊಡನೆ ನಿಲ್ಲಿಸಿದೆ. ನಾಗಮಲ್ಲಪ್ಪಣ್ಣ ಮೇಜಿನ ಪಕ್ಕದಲ್ಲಿ ಹೆಂಡತಿಯನ್ನೇ ನೋಡುತ್ತ ನಿಂತಿದ್ದರು. ಅವನು ಏನಂದ ಎಂದು ಕೇಳಿದರು.

"ಊರ್ಗೆ ಓಗ್ಬೇಡ ಅಂದ" ಎಂದರು ಶಿವಮ್ಮಕ್ಕ.

ಸರಿಯಾಗಿತ್ತು. ಮುಂದಿನದೂ ಸರಿಯಾಗಿತ್ತು. ಮಗಳು ಅಡಿಗೆಮನೆಯಿಂದ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ನನಗೂ ಕಣ್ಣು ತುಂಬಿತು. ಇನ್ನೊಂದು ಮಾತು ಹಾಕಿದಾಗ ನಾನು ಸ್ಪೀಕರನ್ನು ಬಿಟ್ಟು ಅಣ್ಣನನ್ನು ನೋಡಿದೆ. ಪರದೆಯ ಮೇಲೆ ಮಾತು ಬರುತ್ತಿದ್ದಂತೆ, ಅವರಿಗೇ ಅರಿವಿಲ್ಲದೆ, ಅವರ ತುಟಿಗಳೂ ಅದೇ ಮಾತನ್ನು ಆಡುತ್ತಿದ್ದವು. ಅಕ್ಕ ಟಿ.ವಿ.ಯನ್ನು ನೋಡುತ್ತಲೇ ಇರಲಿಲ್ಲ.

ಅಣ್ಣನನ್ನು ಕುರ್ಚಿಯ ಹಿಂದಕ್ಕೆ ಕರೆದು ನಿಲ್ಲಿಸಿದೆ. ಮತ್ತೊಂದು ಮಾತು ಹಾಕಿದೆ. ಅಕ್ಕ ಸುಮ್ಮನೆ ಕೂತಿದ್ದರು. ಇನ್ನೂ ಏರಿಸಿದೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅಕ್ಕ ಕತ್ತು ತಿರುಗಿಸಿ ಗಂಡನನ್ನು ಹುಡುಕಿ, ತಪ್ಪು ಮಾಡಿದವರಂತೆ ಹೇಳಿದರು: "ಸದ್ದು ಕೇಳ್ತದೆ. ಮಾತು ಕೇಳಕಿಲ್ಲ."

ರಟ್ಟು ತೆಗೆದೆ, ಮತ್ತೆ ಇಟ್ಟೆ. ಸ್ಪೀಕರನ್ನು ಕುರ್ಚಿಯ ಹತ್ತಿರಕ್ಕೇ ಎಳೆದು ತಂದೆ. ಏನು ಮಾಡಿದರೂ ಅಷ್ಟೇ. ಅಣ್ಣ ಗೋಡೆಗೆ ಒರಗಿ ಕುಸಿದು ಕೂತರು. ಆಗ ನಾನು ಕಂಡದ್ದನ್ನು ಹೇಳಿದೆ. ಅಕ್ಕ ಇಷ್ಟು ದಿನವೂ ನಿಮ್ಮ ದನಿ ಕೇಳಿಲ್ಲ, ನಿಮ್ಮ ಬಾಯಿ ನೋಡಿ ತಿಳಿದುಕೊಂಡಿದ್ದಾರೆ ಎಂದೆ. ಅವರು ನಂಬಲಿಲ್ಲ. ಹೆಗಲ ಟವಲನ್ನು ಬಾಯಿಗೆ ಅಡ್ಡ ಹಿಡಿದು ಏನೋ ಕೇಳಿದರು. ಅಕ್ಕ ತಿಳಿಯದೆ "ಯಾನ?" ಎಂದು ಕೇಳಿದರು. ಅಣ್ಣ ಟವಲು ಇಳಿಸಿ, ಒಂದಿಷ್ಟೂ ದನಿ ಮಾಡದೆ ಬರೀ ತುಟಿ ಆಡಿಸಿದರು. ನಮಗ್ಯಾರಿಗೂ ತಿಳಿಯಲಿಲ್ಲ.

"ಈಗ್ತಾನೆ ಕುಡುದ್ರಲ್ಲ, ಮತ್ಯಾಕೆ ಟೀ?" ಎಂದರು ಅಕ್ಕ.

ನಾಗಮಲ್ಲಪ್ಪಣ್ಣ ಟವಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಆ ವಾರವೇ ಆಪರೇಷನ್ ಆಯಿತು.

ಆಮೇಲಿನ ಒಂದು ವರ್ಷ ಒಳ್ಳೆಯದಾಗಿತ್ತು. ಕತ್ತಿನಲ್ಲಿ ಉಸಿರಿಗೊಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಅಂಗಡಿಯಲ್ಲಿ ಗಿರಾಕಿಗಳಿಗೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಮನೆಯಲ್ಲಿ ಅದೂ ಬೇಕಾಗಿರಲಿಲ್ಲ, ಅಕ್ಕನಿಗೆ ಅಕ್ಷರ ಬರುತ್ತಲೂ ಇರಲಿಲ್ಲ. ನಡುವಿನ ಸ್ಪೀಕರು ಹೇಳಿದ್ದನ್ನು ಕೇಳಿ, ಅವರು ದನಿಯಿಲ್ಲದೆ ಆಡುತ್ತಿದ್ದರು. ಅಕ್ಕ ಮೊದಲಿನಂತೆಯೇ ನಗುತ್ತಿದ್ದರು. ನಾನು ಹೋದಾಗ ಏನು ಹೇಳಿ ನಗಿಸಿದರೆಂದು ತಿಳಿಯದೆ ಪೆದ್ದನಂತೆ ಕೂತಿರುತ್ತಿದ್ದೆ.

ರೋಗ ಮರಳಿ ಬಂತು. ಈ ಸಲ ಡಾಕ್ಟರು ಆಪರೇಷನ್ ಮಾತೆತ್ತಲಿಲ್ಲ. ರೇಡಿಯೇಷನ್ ಕರೆಂಟು ಕೊಡುತ್ತೇವೆ, ನೋಡೋಣ ಎಂದರು. ಅದರಿಂದ ಕತ್ತು ಊದಿತು, ಆಮೇಲೆ ಮುಖ ಊದಿತು, ದವಡೆ ಬಿಗಿಯಿತು. ತುಟಿಗಳು ದಪ್ಪಗಾಗಿ ಒಂದಕ್ಕೊಂದು ಅಂಟಿದಂತಾದವು. ಅಕ್ಕ ಒಂದೊಂದು ಮಾತನ್ನು ಎರಡೆರಡು ಸಲ ಕೇಳುವಂತಾಯಿತು. ಬಾವು ಇಳಿಯುವುದೇ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ನನ್ನ ಭುಜ ಮುಟ್ಟಿ ಮುಂದಕ್ಕೆ ಹೋದರು.

ಕೊನೆಯ ಸಲ ಅವರನ್ನು ಕಂಡದ್ದು ಮೈಸೂರಿನ ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ. ಮಗಳು ಔಷಧಿ ತರಲು ಹೋಗಿದ್ದಳು. ನಾವು ಮೂವರೇ ಇದ್ದೆವು. ಅಣ್ಣ ಕಣ್ಣು ತೆರೆದು ಹೆಂಡತಿಯನ್ನು ನೋಡಿ ಏನೋ ಹೇಳತೊಡಗಿದರು. ತುಟಿ ಅಲ್ಲಾಡಿದ್ದು ಕಾಣಿಸಿತು, ಅಷ್ಟೇ. ಚಿಕ್ಕ ಮಾತೇನಲ್ಲ, ಉದ್ದವಾಗಿಯೇ ಇತ್ತು. ಅಕ್ಕ ಬಗ್ಗಿ, ಇನ್ನೊಂದು ಸಲ ಹೇಳಿ ಎಂದರು. ಅವರು ಮತ್ತೆ ಮೊದಲಿನಿಂದ ಹೇಳಿದರು. ಅಕ್ಕ ಸೆರಗಿನ ತುದಿಯಿಂದ ಅವರ ತುಟಿಗಳನ್ನು ಮೆಲ್ಲಗೆ ಒರೆಸಿ, ಕಿಟಕಿಯ ಬೆಳಕು ಬೀಳಲೆಂದು ಪಕ್ಕಕ್ಕೆ ಸರಿದು ನೋಡಿದರು. ನಾನು ಸ್ಲೇಟು ಕೊಟ್ಟೆ. ಬಳಪ ಬೆರಳುಗಳಲ್ಲಿ ನಿಲ್ಲದೆ ಹಾಸಿಗೆಯ ಮೇಲೆ ಬಿತ್ತು. ಅಣ್ಣ ಮೂರನೆಯ ಸಲ ಹೇಳಲು ಹೋಗಲಿಲ್ಲ. ಹೆಂಡತಿಯ ಕೈ ಸವರಿ ಕಣ್ಣು ಮುಚ್ಚಿಕೊಂಡರು.

ಆ ವಾರ ಕಳೆಯುವುದರೊಳಗೆ ಅವರು ಹೋದರು.

ಅಂಗಡಿಯನ್ನು ಈಗ ಅಳಿಯ ನೋಡಿಕೊಳ್ಳುತ್ತಾನೆ. ಮಗಳೂ ಇಲ್ಲಿಗೇ ಬಂದಿದ್ದಾಳೆ. ನಾನು ಆಗಾಗ ಹೋಗಿ ಅಕ್ಕನ ಎದುರಿಗೆ ಕೂರುತ್ತೇನೆ. ಕಾಫಿ ಕೊಟ್ಟ ಮೇಲೆ ಅವರು ಕೇಳುವುದು ಒಂದೇ ಮಾತು.

"ಅವತ್ತು ಅವ್ರು ಯಾನಂದ್ರು ಮಗ?"

ನನಗೂ ಗೊತ್ತಾಗಲಿಲ್ಲ ಅಕ್ಕ ಎನ್ನುತ್ತೇನೆ. ಅದು ಅವರಿಗೆ ಕೇಳಿಸುವುದಿಲ್ಲ, ಗಂಡನ ತುಟಿಯಂತೆ ನನ್ನದನ್ನು ಓದಲೂ ಬಾರದು. ಇನ್ನೂ ಏನಾದರೂ ಹೇಳಬಹುದೆಂದು ನನ್ನ ಬಾಯನ್ನೇ ನೋಡುತ್ತ ಕೂತಿರುತ್ತಾರೆ.