ನಮ್ಮೂರ ಕೆರೆಯಲ್ಲಿ ಸಿಕ್ಕ ನಂಗು

ಯಾರಾದರೂ ದೆವ್ವ, ಪವಾಡ ಎಂದು ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದವನು. ಈಗಲೂ ನಂಬಿಕೆ ಬಂದಿಲ್ಲ. ಎದ್ದು ಹೋಗುವ ಧೈರ್ಯ ಮಾತ್ರ ಹೋಗಿದೆ.

ನೌಕರಿಯ ದೆಸೆಯಿಂದ ಎರಡು ವರ್ಷ ಮಲ್ಪೆಯಲ್ಲಿದ್ದೆ. ಭಾನುವಾರ ಅಳಿವೆಯ ಮರಳಿನಲ್ಲಿ ಗಾಳ ಹಿಡಿದು ಕೂರುವುದೇ ನನ್ನ ದೇವತಾಕಾರ್ಯ. ಹೆಚ್ಚಾಗಿ ಸಿಗುತ್ತಿದ್ದುದು ನಂಗು ಎಂಬ ಉಪ್ಪುನೀರಿನ ಮೀನು. ರೊಟ್ಟಿಯಂತೆ ಚಪ್ಪಟೆ, ಮರಳಿನ ಬಣ್ಣ, ಎರಡು ಕಣ್ಣೂ ಒಂದೇ ಮಗ್ಗುಲಿಗೆ. ನಮ್ಮ ಮೇಲಧಿಕಾರಿಗಳ ಹಾಗೆ ಒಂದೇ ಕಡೆ ನೋಡುವ ಮೀನು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ಕನಕಪುರದ ಕಡೆಯ ನಮ್ಮೂರಿಗೆ ಮರಳಿದೆ. ಅಷ್ಟರಲ್ಲಿ ಮೇಲ್ಗಡೆ ಒಂದು ಬಣ್ಣದ ಕಾರ್ಖಾನೆ ಎದ್ದು, ನಾವು ಈಜಿದ ಕೆರೆ ಕೊಳೆತ ಗಾಯದಂತಾಗಿತ್ತು. ತೂಬಿನ ಬಳಿ ಆಳೆತ್ತರದ ನೊರೆ, ದಡದಲ್ಲಿ ನೀಲಿ ಲೋಳೆ. ಎಮ್ಮೆಗಳೂ ಮೂಗು ತಿರುಗಿಸುತ್ತಿದ್ದವು. ಎಮ್ಮೆಗೆ ಅಸಹ್ಯವಾಗಬೇಕಾದರೆ ಅದು ಸಾಮಾನ್ಯ ಸಾಧನೆಯಲ್ಲ.

ಕೆರೆಯ ಹಿಂದಿನ ಗದ್ದೆ ಬಾಲ್ಯದ ಗೆಳೆಯ ಪುಟ್ಟಸ್ವಾಮಿಯದು. ಅದನ್ನು ಕೊಳ್ಳಲು ಕಾರ್ಖಾನೆಯವರು ಬರುವವರಿದ್ದರು. ಹಿಂದಿನ ದಿನ ಬೆಳಿಗ್ಗೆಯೇ ಅವನು ಗಾಳ, ಎರೆಹುಳು ಹಿಡಿದು ನನ್ನನ್ನು ಏರಿಗೆ ಎಳೆದೊಯ್ದ.

"ಕೆರೇಲಿ ಜೀವ ಇಲ್ದಿದ್ರೆ ಗದ್ದೆ ಮಡಿಕಂಡು ಏನ್ಲಾ ಮಾಡ್ಲಿ? ಸಂಜೆಗಂಟ ನೋಡ್ತೀನಿ. ಒಂದು ಮೀನು ಸಿಗ್ಲಿ, ಮಾರಕ್ಕಿಲ್ಲ."

"ಇಲ್ಲಿ ನಿಂಗೆ ಸಿಗಾದು ಮೀನಲ್ಲ ಕಣ್ಲಾ, ಕಜ್ಜಿ," ಎಂದೆ, ಮೂಗಿಗೆ ಟವೆಲು ಕಟ್ಟಿಕೊಂಡು.

ಮಧ್ಯಾಹ್ನ ಬೆಂಡು ಮುಳುಗಿತು. ಪುಟ್ಟಸ್ವಾಮಿ ಎಳೆದ. ಏರಿಯ ಮೇಲೆ ಬಿದ್ದು ಪಟಪಟ ಬಡಿದುಕೊಂಡದ್ದು ನಂಗು.

"ಇದ್ಯಾವ ಮೀನ್ಲಾ? ಯಾರಾನ ತುಳುದ್‌ಬುಟ್ಟವ್ರಾ?"

ಗಾಳ ಬಿಡಿಸಿ ಕೊಟ್ಟವನು ನಾನೇ. ಮೈ ತಣ್ಣಗಿತ್ತು. ಅಷ್ಟು ನಾತದ ನಡುವೆ ಅದರಿಂದ ಶುದ್ಧ ಕಡಲಿನ ವಾಸನೆ ಬರುತ್ತಿತ್ತು.

ನಮ್ಮಲ್ಲಿ ದಿನದ ಮೊದಲ ಮೀನು ಗಂಗಮ್ಮನದು. ಕೈ ಮುಗಿದು ನೀರಿಗೇ ಬಿಡಬೇಕು. ನಾನು ತಡೆಯುವಷ್ಟರಲ್ಲಿ ಪುಟ್ಟಸ್ವಾಮಿ ಬಿಟ್ಟಾಗಿತ್ತು. ನೊರೆಯೊಳಗೆ ಒಮ್ಮೆ ಹೊರಳಿ, ಎರಡೂ ಕಣ್ಣಿನಿಂದ ನಮ್ಮನ್ನು ನೋಡಿ, ಅದು ಮುಳುಗಿತು. ಸಂಜೆಯವರೆಗೆ ಕೂತರೂ ಇನ್ನೊಂದು ಸಿಗಲಿಲ್ಲ. ಮೀನು ಹಿಡಿದ ಕೈಯೆಂಬುದನ್ನು ಮರೆತು ಮೀಸೆ ಒರೆಸಿಕೊಂಡೆ. ತುಟಿಗೆ ಉಪ್ಪು ಹತ್ತಿತು. ವಾಂತಿ ಬರುವವರೆಗೆ ಬಾಯಿ ಮುಕ್ಕಳಿಸಿದೆ.

ಪುಟ್ಟಸ್ವಾಮಿ ಗದ್ದೆ ಮಾರಲಿಲ್ಲ. "ಕೆರೇಲಿ ಮೀನೈತೆ, ಬೇಕಾದ್ರೆ ಇವನ್ನ ಕೇಳಿ," ಎಂದು ಊರಿಗೆಲ್ಲ ನನ್ನನ್ನೇ ತೋರಿಸುತ್ತಾನೆ. ಐತೆ ಎನ್ನುತ್ತೇನೆ. ಯಾವ ಮೀನೆಂದು ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ ಅವನ ಗದ್ದೆ ಹೋಗುತ್ತದೆ. ಹೇಳದೆ ಅವನು ಆ ಹೊಲಸು ನೀರಿನಲ್ಲೇ ಭತ್ತ ಬೆಳೆಯುತ್ತಿದ್ದಾನೆ.

ಸುಗ್ಗಿಗೊಮ್ಮೆ ಪ್ರೀತಿಯಿಂದ ಒಂದು ಮೂಟೆ ಅಕ್ಕಿ ಕಳಿಸುತ್ತಾನೆ. ಅನ್ನಕ್ಕೆ ಕೆರೆಯ ನಾತವಿರುತ್ತದೆ. ಅದಕ್ಕೆ ಕಾರಣ ಗೊತ್ತು. ನಾಲಿಗೆಗೆ ಉಪ್ಪೂ ಹತ್ತುತ್ತದೆ. ಆದರೆ ನನ್ನ ಹೆಂಡತಿ ಅನ್ನಕ್ಕೆ ಎಂದೂ ಉಪ್ಪು ಹಾಕುವವಳಲ್ಲ.